ಪಡುವಣ ಅರ್ಧ

ವಿನ್ನಿ ನಪುರುಲಾ ನೆಲದ ಮೇಲೆ ಹಾಸಿದ್ದ ಕ್ಯಾನ್ವಾಸಿಗೆ ಬಾಗಿ, ಕಡ್ಡಿಯ ತುದಿಯಿಂದ ಹಳದಿ ಚುಕ್ಕೆಗಳನ್ನು ಇಡುತ್ತಿದ್ದಾಗ ಅಕ್ಕನ ಮಗಳು ಲೋರ್ನಾ ಬಾಗಿಲಲ್ಲಿ ಬಂದು ನಿಂತಳು. ಸೂತಕದ ಗುರುತಾಗಿ ಅವಳು ಕೂದಲನ್ನು ಬುಡದವರೆಗೆ ಕತ್ತರಿಸಿಕೊಂಡಿದ್ದಳು. ಅಕ್ಕ ಹೋದಳೆಂದು ವಿನ್ನಿಗೆ ತಿಳಿಯಿತು. ಕಡ್ಡಿ ಜಾರಿತು. ಮುಷ್ಟಿಯಿಂದ ಹಣೆ ಬಡಿದುಕೊಂಡು ಗೋಳಿಡತೊಡಗಿದಳು.

ಸತ್ತವರ ಹೆಸರು ಹೇಳಬಾರದೆಂಬುದು ಅವರ ಕಟ್ಟಳೆ; ಅಕ್ಕನ ಹೆಸರನ್ನು ಇನ್ನು ಯಾರೂ ಎತ್ತುವಂತಿಲ್ಲ. ಇಲ್ಲಿಯೂ ಎತ್ತುವುದಿಲ್ಲ.

ಆ ಚಿತ್ರ ಇಬ್ಬರದೂ. ಲೋಕ ಹುಟ್ಟುವಾಗ ಇಬ್ಬರು ಅಕ್ಕತಂಗಿಯರು ನೀರು ಹುಡುಕುತ್ತ ಮರಳುದಿಬ್ಬಗಳನ್ನು ದಾಟಿದ ದಾರಿ ಅದು; ಅದಕ್ಕೊಂದು ಹಾಡೂ ಇತ್ತು. ಮೂಡಣ ಅರ್ಧ ಅಕ್ಕನದು, ಪಡುವಣ ಅರ್ಧ ವಿನ್ನಿಯದು. ತಾಯಿ ಹಾಗೆಯೇ ಹಂಚಿ ಹೋಗಿದ್ದಳು. ಅಕ್ಕ ದೂರದ ಮರುಭೂಮಿಯ ಊರಿನಲ್ಲೇ ತನ್ನ ಪಾಲು ಬರೆದು, ಸುತ್ತಿ, ಲಾರಿಯಲ್ಲಿ ವಿನ್ನಿ ಇರುವ ಆಲಿಸ್ ಸ್ಪ್ರಿಂಗ್ಸ್ ಪೇಟೆಗೆ ಕಳಿಸಿದ್ದಳು. ಮೂತ್ರಪಿಂಡ ಕೆಟ್ಟ ಮೇಲೆ ವಿನ್ನಿ ಈ ಪೇಟೆ ಬಿಟ್ಟು ಹೋಗುವಂತಿರಲಿಲ್ಲ. ದಿನ ಬಿಟ್ಟು ದಿನ ರಕ್ತ ತೊಳೆಯುವ ಮೆಷಿನ್ನಿಗೆ ತೋಳು ಕೊಟ್ಟು ಮಲಗಬೇಕಿತ್ತು. ಊರಿನಲ್ಲಿ ಆ ಮೆಷಿನ್ ಇರಲಿಲ್ಲ.

ಅಳು ಇಳಿದ ಮೇಲೆ, ಚಿತ್ರಶಾಲೆ ನೋಡಿಕೊಳ್ಳುವ ಜೂಡಿತ್ ಚಹಾ ತಂದಿಟ್ಟಳು. "ಈಗ ಆಡೋ ಮಾತಲ್ಲ ವಿನ್ನಿ. ಆದ್ರೆ ಮೆಲ್ಬರ್ನ್‌ನಲ್ಲಿ ಇದಕ್ಕೇ ಅಂತ ಗೋಡೆ ಖಾಲಿ ಇಟ್ಕೊಂಡು ಕೂತಿದಾರೆ."

"ಅವಳ ಕೈ ಅದರಲ್ಲಿದೆ. ಸುತ್ತಿ ಒಳಗಿಡು. ಯಾರ ಕಣ್ಣಿಗೂ ಬೀಳ್ಬಾರ್ದು."

"ಎಲ್ಲಿವರೆಗೆ?"

"ಇವಳ ಕೂದಲು ಬೆಳೆದ ಮೇಲೆ ಇವಳನ್ನೇ ಕೇಳು."

ಜೂಡಿತ್ ಕ್ಯಾನ್ವಾಸಿನ ಪಕ್ಕ ಮಂಡಿಯೂರಿ ಸುತ್ತತೊಡಗಿದಳು.

ಲೋರ್ನಾ ಚಹಾ ಮುಟ್ಟಿರಲಿಲ್ಲ. "ಅವ್ವ ಕೊನೇವರೆಗೂ ಬಾಗಿಲ ಕಡೆನೇ ನೋಡ್ತಿದ್ಳು, ಚಿಕ್ಕವ್ವ. ತಂಗಿಗೆ ಪೇಟೆ ಹಿಡಿಸಿಬಿಟ್ಟಿದೆ ಅಂತ ಊರೆಲ್ಲ ಆಡ್ಕೊಂಡ್ರು."

"ಹಿಡಿಸಿದೆಯಾ?" ವಿನ್ನಿ ತೋಳು ಚಾಚಿದಳು. ಚುಚ್ಚಿ ಚುಚ್ಚಿ ನರ ಹಗ್ಗದಂತೆ ಉಬ್ಬಿಕೊಂಡಿತ್ತು. "ನೋಡು, ಕಟ್ಟಿಹಾಕಿದೆ."

ಲೋರ್ನಾ ಮುಖ ತಿರುಗಿಸಿದಳು. ಆಮೇಲೆ ಮೆಲ್ಲಗೆ ಹೇಳಿದಳು: "ಅವ್ವನ ಅರ್ಧ ನನಗೆ ಗೊತ್ತು. ನಿನ್ನದು ಗೊತ್ತಿಲ್ಲ. ನೀನೂ ಇಲ್ಲೇ ಹೋಗ್ಬಿಟ್ರೆ ಆ ಇಬ್ಬರು ಹೆಂಗಸರು ಮರಳಿನ ನಡುವೇನೇ ನಿಂತುಬಿಡ್ತಾರೆ."

ವಿನ್ನಿ ತನ್ನ ಅರ್ಧವನ್ನು ಇಲ್ಲಿಯೇ ಹೇಳಿಬಿಡಬಹುದಿತ್ತು. ಆದರೆ ಈ ನೆಲ ಬೇರೆ ಬುಡಕಟ್ಟಿನವರದು. ಆ ಹಾಡನ್ನು ಇಲ್ಲಿ ಬಾಯಿಬಿಟ್ಟು ಹಾಡುವಂತಿರಲಿಲ್ಲ. ಊರಿಗೆ ಹೊರಡಲು ಎದ್ದು ಕಂಬಳಿ ಹುಡುಕಿದಳು.

"ನಾಳೆ ನಿನ್ನ ಸರದಿ!" ಜೂಡಿತ್ ಬಾಗಿಲಿಗೆ ಅಡ್ಡ ಬಂದಳು. "ತಪ್ಪಿಸಿದ್ರೆ ಏನಾಗುತ್ತೆ ಗೊತ್ತಲ್ಲ?"

"ಆ ಮೆಷಿನ್ ನನ್ನ ಗಂಡನಿಗಿಂತ ಹೆಚ್ಚು ಕಾಲ ನನ್ನ ಕೈ ಹಿಡಿದಿದೆ ಮಾರಾಯ್ತಿ. ಸ್ವಲ್ಪ ವಿರಹ ಅನುಭವಿಸಲಿ ಬಿಡು."

ಜೂಡಿತ್‌ಗೆ ನಗಲಾಗಲಿಲ್ಲ. ಲೋರ್ನಾ ಬಂದಿದ್ದ ಕಾರಿನ ಸೀಟಿಗೆ ತನ್ನ ದಿಂಬು ತಂದಿಟ್ಟಳು.

ಕೆಂಪು ದಾರಿಯುದ್ದಕ್ಕೂ ಕಾರು ಎಲುಬು ಕುಲುಕಿತು. ಕುಡಿದದ್ದು ಮೈಯಲ್ಲೇ ನಿಲ್ಲುತ್ತದೆಂದು ವಿನ್ನಿ ನೀರು ಕುಡಿಯಲಿಲ್ಲ. ತುಟಿ ಮಾತ್ರ ಒದ್ದೆ ಮಾಡಿಕೊಂಡಳು. ಊರು ಸೇರುವಷ್ಟರಲ್ಲಿ ಪಾದಗಳು ಊದಿ ಚಪ್ಪಲಿ ಹಿಡಿಯದಂತಾಗಿದ್ದವು. ಸಾವಿನ ರೂಢಿಯಂತೆ ಅಕ್ಕನ ಮನೆ ತೆರವಾಗಿ ನಿಂತಿತ್ತು. ಸೂತಕದವರೆಲ್ಲ ದೂರದ ಮರಗಳಡಿ ಬೀಡುಬಿಟ್ಟಿದ್ದರು. ಮುದಿ ನಾದಿನಿಯೊಬ್ಬಳು ಎದ್ದು ಬಂದು, "ಈಗ ಬಂದ್ಯಾ, ಈಗ?" ಎಂದು ವಿನ್ನಿಯ ಬೆನ್ನಿಗೆ ಗುದ್ದಿದಳು. ಮರುಗಳಿಗೆಯಲ್ಲಿ ಅದೇ ಬೆನ್ನನ್ನು ತಬ್ಬಿ ಅತ್ತಳು.

ಮಣ್ಣು ಮುಗಿಯುವ ಹೊತ್ತಿಗೆ ವಿನ್ನಿಗೆ ಉಬ್ಬಸ ಹತ್ತಿತ್ತು. ಬೆಳಿಗ್ಗೆ ಪೇಟೆಯ ಆಸ್ಪತ್ರೆಗೆ ಒಯ್ಯುವ ವಿಮಾನ ಬರುತ್ತದೆ, ಅಲ್ಲಿಯವರೆಗೆ ಅಲುಗಾಡಬೇಡ ಎಂದು ಊರಿನ ನರ್ಸ್ ಹೇಳಿದಳು. ವಿನ್ನಿ ಲೋರ್ನಾಳ ಹೆಗಲು ಹಿಡಿದು, ಗಂಡಸರು ಕಾಲಿಡದ ಹೆಂಗಸರ ಜಾಗಕ್ಕೆ ಹೋದಳು.

ಅಂಗೈಯಿಂದ ಮರಳು ಸವರಿ, ಅಕ್ಕನ ಅರ್ಧ ಮುಗಿದಲ್ಲಿಂದ ಬೆರಳಲ್ಲಿ ಬರೆಯುತ್ತ ಸಣ್ಣ ದನಿಯಲ್ಲಿ ಹಾಡತೊಡಗಿದಳು. ಉಸಿರು ಕಟ್ಟಿದಾಗ ನಿಲ್ಲಿಸುತ್ತಿದ್ದಳು. ನಿಂತ ಮಾತಿನಿಂದಲೇ ಮತ್ತೆ ಎತ್ತುತ್ತಿದ್ದಳು. ಲೋರ್ನಾ ಹಿಂದೆಯೇ ಬರೆದಳು. ಒಂದು ಕಡೆ ಬೆರಳು ತಪ್ಪಿತು.

ವಿನ್ನಿ ಕೈಮೇಲೆ ಹೊಡೆದಳು. "ಅಲ್ಲಿ ನೀರಿಲ್ಲ ಕಣೇ! ಸಾಯಿಸ್ತೀಯಾ ಅವರನ್ನ?"

ಲೋರ್ನಾ ಅಳಿಸಿ ಮತ್ತೆ ಬರೆದಳು.

ಹೊತ್ತು ಮುಳುಗುತ್ತಿತ್ತು. ಕೊನೆಯ ನೀರಿಗೆ ಇನ್ನೊಂದು ದಿಬ್ಬ ಉಳಿದಿರುವಾಗ ವಿನ್ನಿ ಮಗ್ಗುಲಾಗಿ ಮಲಗಿಬಿಟ್ಟಳು. "ಉಳಿದದ್ದು ಬೆಳಿಗ್ಗೆ," ಎಂದಳು.

ಲೋರ್ನಾ ಕಂಬಳಿ ಹೊದಿಸಿದಳು. ಬೀಡಿನ ನಾಯಿಯೊಂದು ಬಂದು, ಮರಳಿನ ಚಿತ್ರದ ಮೇಲೆಯೇ ಹಾದು, ಇನ್ನೂ ಬರೆಯದ ಜಾಗದಲ್ಲಿ ಸುತ್ತು ಹಾಕಿ ಮಲಗಿತು. ಯಾರೂ ಅದನ್ನು ಓಡಿಸಲಿಲ್ಲ.