ನಿಂಗಯ್ಯನ ಮೆಟ್ಟಿಲು ಲೆಕ್ಕ

ಎಲೆಅಡಿಕೆ ಚೀಲ, ಕನ್ನಡಕ, ಅದರ ಮೇಲೆ ಐದು ಉದ್ದ ನೋಟ್‌ಬುಕ್ಕು. ಸತ್ತ ನಿಂಗಯ್ಯನ ಗೆಳೆಯ ತಿಮ್ಮಯ್ಯ ಎಲ್ಲವನ್ನೂ ಹಳೇ ಟವೆಲಿನಲ್ಲಿಟ್ಟು ಗಂಟು ಹಾಕುತ್ತಿದ್ದ. ಸತ್ತವರಿಗೆ ಇಷ್ಟವಾದದ್ದನ್ನು ಗುಣಿಯಲ್ಲಿ ಪಕ್ಕದಲ್ಲೇ ಇಟ್ಟು ಮಣ್ಣು ಮುಚ್ಚುವುದು ಅವರಲ್ಲಿ ಪದ್ಧತಿ. ಹೊರಗೆ ಚಟ್ಟಕ್ಕೆ ಹೂವು ಸುತ್ತುತ್ತಿದ್ದರು.

"ಈ ಬುಕ್ಕು ನಿಂಗೇನಾರ ಬೇಕೇನವ್ವಾ?" ಎಂದು ಅವನು ಸತ್ತವನ ಮೊಮ್ಮಗಳು ಅರ್ಪಿತಳನ್ನು ಕೇಳಿದ.

"ಬ್ಯಾಡ ತಾತ. ಇಟ್ಬುಡು."

ಗೋಡೆಗೆ ಒರಗಿದ್ದ ಅಜ್ಜಿ ಇಂದ್ರಮ್ಮ ತಲೆ ಎತ್ತಿದಳು. "ಯಾಕವ್ವಾ? ವೆಬ್‌ಸೈಟಲ್ಲಿ ಹಾಕಿವ್ನಿ ಅಂತಿದ್ದೆ?"

"ತಗ್ದ್‌ಬುಟ್ಟೆ ಕಣಜ್ಜಿ."

ಹೊಳಲಿನ ನೀರುಗಂಟಿ ನಿಂಗಯ್ಯ ಮೂವತ್ತೊಂದು ವರ್ಷ ನಾಲೆಯ ತೂಬು ಕಾದವನು. ಬೆಳಗಾದರೆ ತೂಬಿನ ಪಕ್ಕದ ಹನ್ನೆರಡು ಕಲ್ಲು ಮೆಟ್ಟಿಲ ಹತ್ತಿರ ನಿಂತು, ತಾರೀಖು ಹಾಕಿ, ಒಂದು ಅಂಕಿ ಬರೆಯುತ್ತಿದ್ದ. ಯಾರೂ ಬರೆಯಲು ಹೇಳಿರಲಿಲ್ಲ. ಮೊನ್ನೆಯವರೆಗೂ ಒಂದು ದಿನ ತಪ್ಪಿಸಿರಲಿಲ್ಲ.

*

ಅರ್ಪಿತ ಗೆಜ್ಜಲಗೆರೆಯ ಕಾರ್ಖಾನೆಯೊಂದರಲ್ಲಿ ಕಂಪ್ಯೂಟರಿಗೆ ಅಂಕಿ ತುಂಬುವವಳು. ಬರೀ ತುಂಬಿ ಸಾಕಾಗಿತ್ತು. ಅಂಕಿ ಏನು ಹೇಳುತ್ತದೆಂದು ಬಿಡಿಸಿ ಹೇಳುವ ಡೇಟಾ ಕೆಲಸ ಬೇಕಿತ್ತು. ಅದಕ್ಕೆ ತನ್ನ ಕೈಚಳಕ ತೋರಿಸುವ ವೆಬ್‌ಸೈಟೊಂದು ಬೇಕೆಂದು ಬಸ್ಸಿನಲ್ಲಿ ಕೂತೇ ಕಟ್ಟಿದಳು. ಕಪ್ಪು ಹಿನ್ನೆಲೆ, ದೊಡ್ಡ ಫೋಟೋ, ಕಲಿಯುವವರಿಗೆಂದು ಇಂಟರ್ನೆಟ್ಟಿನಲ್ಲಿ ಸಿಗುವ ಅಂಕಿಅಂಶ: ಮುಳುಗಿದ ಹಡಗಿನ ಪ್ರಯಾಣಿಕರ ಪಟ್ಟಿ, ಅಮೆರಿಕದ ಮನೆಗಳ ಬೆಲೆ. ಎಲ್ಲರ ಸೈಟಿನಲ್ಲೂ ಅದೇ ಹಡಗು, ಅದೇ ಮನೆ. ಹಿತ್ತಲ ಗಿಡ ಮದ್ದಲ್ಲ ಅಂತಾರಲ್ಲ, ತಾತನ ನೋಟ್‌ಬುಕ್ಕು ಅವಳ ಕಣ್ಣಿಗೆ ಬೀಳಲು ಆರು ತಿಂಗಳು ಬೇಕಾಯಿತು.

ಬಿದ್ದ ಮೇಲೆ ಬಿಡಲಿಲ್ಲ. ಅಷ್ಟೂ ದಿನಗಳನ್ನು ತುಂಬಿ, ಕಪ್ಪು ಬಣ್ಣ ಕಿತ್ತು ಬಿಳಿ ಹಾಕಿ, ಮುಖಪುಟದಲ್ಲಿ ನಾಲೆಯ ನೀರಿನ ಏರಿಳಿತವನ್ನು ಒಂದೇ ಗೆರೆಯಲ್ಲಿ ಎಳೆದಳು. ಮೈಸೂರಿನ ಕಂಪನಿಯೊಂದು ಸಂದರ್ಶನಕ್ಕೆ ಕರೆಯಿತು. ಜೊತೆಗೊಂದು ಪ್ರಶ್ನೆ: ಬರದ ವರ್ಷ ನಿಮ್ಮ ನಾಲೆ ತುಂಬಿ ಹರಿಯಿತೇ?

ಅವಳ ಮುಖ ಬಾಡಿತು. ಸೀದಾ ತಾತನ ಮುಂದೆ ನಿಂತಳು.

"ಸುಮ್ಕೆ ಬರ್ದಿದ್ದೀಯಾ ತಾತ ನೀನು. ಅಂಕಿ ಎಲ್ಲಾ ತಪ್ಪು."

"ಎಣಿಸ್ಬುಟ್ಟೇ ಬರ್ದಿರೋದು ಕಣಮ್ಮಿ," ಎಂದಷ್ಟೇ ಹೇಳಿ ನಿಂಗಯ್ಯ ಎಲೆಗೆ ಸುಣ್ಣ ಹಚ್ಚಿಕೊಂಡ. ಅವಳು ಸೈಟಿನಿಂದ ಆ ಪುಟವನ್ನೇ ಕಿತ್ತುಹಾಕಿದಳು. ಮೂರನೇ ದಿನ ಅವನು ಎದೆ ಹಿಡಿದುಕೊಂಡು ಕೂತವನು ಮತ್ತೆ ಏಳಲಿಲ್ಲ. ಆ ಮಾತನ್ನು ವಾಪಸ್ ತೆಗೆದುಕೊಳ್ಳುವುದು ಹೇಗೆಂದು ಅವಳಿಗೆ ಗೊತ್ತಾಗಲಿಲ್ಲ.

*

ಅರ್ಧ ದಾರಿಯಲ್ಲಿ ಚಟ್ಟ ಇಳಿಸಿ, ತಲೆಯಿದ್ದ ಕಡೆ ಕಾಲು ಬರುವಂತೆ ತಿರುಗಿಸುತ್ತಾರೆ. ನಿಂಗಯ್ಯನನ್ನು ತೂಬಿನ ಹತ್ತಿರವೇ ಇಳಿಸಿದರು. ತಮಟೆ ನಿಂತಿತು. ತಿಮ್ಮಯ್ಯ ನಾಲೆಗೆ ಇಣುಕಿ ಬಂದು ಗೆಳೆಯನ ಕಿವಿಯ ಹತ್ತಿರ ಬಗ್ಗಿದ.

"ನಿಂಗಾ, ಇವತ್ತು ಮೂರು ಕಣ್ಲಾ. ನೆಮ್ಮದಿಯಾಗಿ ಓಗು."

ಅರ್ಪಿತ ನಾಲೆಯ ಕಡೆ ನೋಡಿದಳು. ನೀರು ದಂಡೆ ಮುಟ್ಟುವಂತೆ ಹರಿಯುತ್ತಿತ್ತು.

"ಮೂರಾ? ನೀರು ಇಷ್ಟೊಂದೈತಲ್ಲ ತಾತ!"

"ಅದ್ಕೇ ಮೂರು. ಮೇಲಿಂದ ಮೂರೇ ಮೆಟ್ಲು ಕಾಣ್ತಾವೆ."

"ಮುಳುಗಿರೋದನ್ನಲ್ವಾ ಎಣಿಸೋದು?"

"ನೀರೊಳ್ಗಿರೋದ ಯಾರವ್ವಾ ಎಣಿಸ್ತಾರೆ? ಕಣ್ಗೆ ಕಾಣೋದನ್ನ ತಾನೇ ಎಣಿಸೋದು!"

ಅರ್ಪಿತ ಮತ್ತೆ ನಾಲೆಗೆ ಇಣುಕಿದಳು. ಹನ್ನೊಂದು ಎಂದರೆ ಬರ, ಎರಡು ಎಂದರೆ ಹೊಳೆ. ಮೂವತ್ತೊಂದು ವರ್ಷ ತಾತ ಸರಿಯಾಗಿಯೇ ಎಣಿಸಿದ್ದ. ಗೆರೆಯನ್ನು ತಲೆಕೆಳಗೆ ಎಳೆದವಳು ಅವಳು. ಅಳುವೂ ನಗುವೂ ಒಟ್ಟಿಗೇ ಬಂದವು.

"ತಿಮ್ಮಯ್ಯತಾತ, ಗಂಟು ಬಿಚ್ಚು. ಬುಕ್ಕು ನಂಗೆ ಬೇಕು."

"ಎಣದ ಗಂಟು ಬಿಚ್ಬಾರ್ದು ಕಣಮ್ಮ," ಎಂದರು ಯಾರೋ.

ಇಂದ್ರಮ್ಮ ಮುಂದೆ ಬಂದಳು. "ಬಿಚ್ಚು ತಿಮ್ಮಣ್ಣ. ಎಲೆಅಡ್ಕೆ ಸಾಕು ಅವ್ರ್ಗೆ. ಬುಕ್ಕು ಓದಕ್ಕೆ ಗುಣೀಲೇನು ಕರೆಂಟೈತಾ?"

ಹೊತ್ತವರೂ ನಕ್ಕರು. ಚಟ್ಟ ತಿರುಗಿತು.

ಮಣ್ಣು ಹಾಕಿ ಬರುವಾಗ ಎಲ್ಲರೂ ಕಾಲು ತೊಳೆಯಲು ನಾಲೆಗೆ ಇಳಿದರು. ಅರ್ಪಿತ ಮೆಟ್ಟಿಲ ಮೇಲೆ ಕೂತು, ಮೊಬೈಲಿನಲ್ಲಿ ಗೆರೆಯ ಲೆಕ್ಕ ತೆರೆದು, ಪ್ರತಿ ಅಂಕಿಯನ್ನೂ ಹನ್ನೆರಡರಿಂದ ಕಳೆಯುವ ಒಂದೇ ಸಾಲು ಸೇರಿಸಿದಳು. ಬರದ ವರ್ಷ ಗೆರೆ ತಳ ಕಂಡಿತು, ಮರುವರ್ಷ ಎದ್ದು ನಿಂತಿತು. ಪುಟ ಮತ್ತೆ ಸೈಟಿಗೆ ಬಂತು. ಮೈಸೂರಿಗೆ ಬರೆದಳು: "ತಪ್ಪು ನನ್ನದು. ಅಂಕಿ ನನ್ನ ತಾತನವು, ಅವು ಸರಿಯಾಗಿವೆ. ನಾಡಿದ್ದು ಬಂದು ವಿವರಿಸುತ್ತೇನೆ."

ಆಮೇಲೆ ಐದನೇ ನೋಟ್‌ಬುಕ್ಕು ತೆರೆದು, ತಾತನ ಕೊನೆಯ ಸಾಲಿನ ಕೆಳಗೆ ಇವತ್ತಿನ ತಾರೀಖು ಹಾಕಿ, ಮೂರು ಎಂದು ಬರೆಯಲು ಹೋದಳು.

"ತಡಿಯವ್ವಾ," ಎಂದ ಕೆಳಗೆ ನಿಂತಿದ್ದ ತಿಮ್ಮಯ್ಯ. "ನೀರು ಏರೈತೆ. ನನ್ನ ಕಾಲು ನೋಡು."

ಅವನು ನಿಂತಿದ್ದ ಮೂರನೇ ಮೆಟ್ಟಿಲ ಮೇಲೆ ನೀರು ಹರಿಯುತ್ತಿತ್ತು. ಅರ್ಪಿತ ಮೇಲಿಂದ ಒಂದೊಂದಾಗಿ ಎಣಿಸಿದಳು. ಗುಣಿಯ ಮಣ್ಣು ಇನ್ನೂ ಉಗುರಲ್ಲಿದ್ದ ಬೆರಳಿನಿಂದ ಪೆನ್ನು ಒತ್ತಿ ಹಿಡಿದು ಬರೆದಳು: ಎರಡು.