ಪುಟ್ಟಮಾದಪ್ಪ ಹೆಡ್ ಆದದ್ದು

ಕೊಳ್ಳೇಗಾಲದ ಅಡುಗೆ ಕಂಟ್ರಾಕ್ಟರ್ ಶಾಂತಮೂರ್ತಿಯ ತಂಡದಲ್ಲಿ ಪುಟ್ಟಮಾದಪ್ಪನಂಥ ಕೈ ಇನ್ನೊಂದಿರಲಿಲ್ಲ. ಅವನ ಸಾರಿಗೆ ಸೋತು, ಮುನಿಸಿಕೊಂಡು ಎದ್ದುಹೋಗಿದ್ದ ಬೀಗರು ಮತ್ತೆ ಎಲೆ ಮುಂದೆ ಬಂದು ಕೂತದ್ದೂ ಉಂಟು. ಹಾಗಾಗಿ ಅಡುಗೆಯವರ ಹಳೆಯ ಹೆಡ್ಡು ಮಂಡಿನೋವೆಂದು ಕೆಲಸ ಬಿಟ್ಟಾಗ ಶಾಂತಮೂರ್ತಿ ಹಿಂದುಮುಂದು ನೋಡದೆ, "ಇನ್ಮೇಲೆ ನೀನೇ ಹೆಡ್ಡು ಕಣ್ಲಾ," ಎಂದುಬಿಟ್ಟ.

ಪುಟ್ಟಮಾದಪ್ಪನಿಗೆ ಬೇಕಾಗಿದ್ದದ್ದು ಒಲೆ ಮತ್ತು ಸೌಟು. ಜನರನ್ನು ಆಳುವ ಆಸೆ ಅವನಿಗೆ ಕನಸಿನಲ್ಲೂ ಇರಲಿಲ್ಲ. ಆದರೆ ಬೇಡ ಅನ್ನಲೂ ಬಾಯಿ ಬರಲಿಲ್ಲ.

ಮೊದಲ ಮದುವೆ ಹೊನ್ನೂರಿನಲ್ಲಿ. ಕಾಯಿ ತುರಿಸಬೇಕಿತ್ತು. ಪುಟ್ಟಮಾದಪ್ಪ ತಂಡದ ಕೈಯಾಳು ಚಿಕ್ಕಸಿದ್ದಯ್ಯನ ಪಕ್ಕ ನಿಂತು ಕೆಮ್ಮಿದ. "ಬಿಡುವಾಗಿದ್ರೆ... ಒಸಿ ಕಾಯಿ ಗೀಯಿ..."

"ಬೀಡಿ ಮುಗಿಸ್ಕಂಡು ಬತ್ತೀನಿ ತಡಿಯಣ್ಣ."

"ಆಗ್ಲಿ ಕಣಪ್ಪ, ನಿಧಾನಕ್ಕೆ ಸೇದು," ಎಂದು ತಾನೇ ತುರಿಯಲು ಕೂತ. ಆಮೇಲೆ ತಾನೇ ಅಕ್ಕಿ ತೊಳೆದ, ತಾನೇ ನೀರು ಹೊತ್ತ. ತಾಳಿ ಕಟ್ಟಿ ಆಯಿತು. ಅನ್ನಕ್ಕೆ ಇನ್ನೂ ಎಸರಿಟ್ಟಿರಲಿಲ್ಲ.

ಹೆಣ್ಣಿನ ಅಪ್ಪ ಒಳಗೆ ನುಗ್ಗಿ, "ಇಲ್ಲಿ ಹೆಡ್ ಯಾರ್ರೀ?" ಎಂದು ಗುಡುಗಿದ.

"ಈಗ ತಾನೆ ಆಚೆಗೋದ್ರು ಸಾ," ಎಂದ ಪುಟ್ಟಮಾದಪ್ಪ.

ತರಕಾರಿ ಹೆಚ್ಚುತ್ತಿದ್ದ ಶಿವಮ್ಮ ಅದನ್ನು ಕೇಳಿಸಿಕೊಂಡಳು. ಅಡುಗೆಯಲ್ಲಿ ಅವಳ ಕೈ ಅಷ್ಟಕ್ಕಷ್ಟೆ. ಆದರೆ ಬಸ್ಸು ಹತ್ತಿದರೆ ಯಾರು ಎಲ್ಲಿ ಕೂರಬೇಕೆಂದು ಹೇಳುವವಳೂ ಅವಳೇ, ಕಂಡಕ್ಟರನಿಗೆ ಬುದ್ಧಿ ಹೇಳುವವಳೂ ಅವಳೇ. ಈಳಿಗೆಮಣೆ ಬಿಟ್ಟೆದ್ದಳು.

"ಲೇ ಸಿದ್ದಯ್ಯ, ಬೀಡಿ ಬಿಸಾಕಿ ಒಲೆ ಹತ್ಸು! ಮಾದೇವಮ್ಮ, ಅಕ್ಕಿ ತತ್ತಾ! ರಂಗನಾಥ, ಎಲೆ ತೊಳಿ!" ಎಲ್ಲರೂ ಚದುರಿದ ಮೇಲೆ ಇತ್ತ ತಿರುಗಿ, "ಅಣ್ಣ, ನೀನು ಸಾರಿನ ತಾವ್ಕೆ ಓಗು. ಬ್ಯಾರೆ ಏನೂ ಮುಟ್ಟಬ್ಯಾಡ!"

ಪುಟ್ಟಮಾದಪ್ಪ ಓಡಿದ. ಜನ್ಮದಲ್ಲಿ ಅಷ್ಟು ಸಂತೋಷದಿಂದ ಅವನು ಯಾರ ಮಾತನ್ನೂ ಕೇಳಿರಲಿಲ್ಲ.

ಊಟ ತಡವಾಯಿತು ನಿಜ. ಸಾರು ಬಾಯಿಗೆ ಬಿದ್ದ ಮೇಲೆ ಹೆಣ್ಣಿನ ಅಪ್ಪನ ದನಿ ತಾನಾಗಿ ಇಳಿಯಿತು.

ಸಂಜೆ ಲೆಕ್ಕ ಮುಗಿಸಲು ಬಂದ ಶಾಂತಮೂರ್ತಿಯ ಮುಂದೆ ಪುಟ್ಟಮಾದಪ್ಪ ಕೈ ಮುಗಿದ. "ಸಾ, ಶಿವಮ್ಮನ್ನೇ ಹೆಡ್ ಮಾಡ್ಬುಡಿ."

"ಅವ್ಳಿಗೆ ಉಪ್ಪಿನ ಅಂದಾಜೇ ಗೊತ್ತಿಲ್ವಲ್ಲೋ!"

"ಉಪ್ಪ ನಾನಾಕ್ತೀನಿ ಸಾ. ಬಯ್ಯದು ಅವ್ಳು ಬಯ್ಲಿ."

ಶಾಂತಮೂರ್ತಿ ಅನುಮಾನದಿಂದಲೇ ಶಿವಮ್ಮನನ್ನು ಕರೆದು, "ಏನಮ್ಮಾ, ನಿನ್ ಕೈಲಾದದಾ?" ಎಂದ.

"ಆಯ್ತದೆ ಸಾ. ಮೊದ್ಲು ನೀವು ಚಪ್ಲಿ ಬಿಟ್ಟು ಬನ್ನಿ, ಅಡ್ಗೆ ಮಾಡೋ ಜಾಗ ಇದು."

ಶಾಂತಮೂರ್ತಿ ಚಪ್ಪಲಿ ಕೈಯಲ್ಲಿ ಹಿಡಿದು ತೆಪ್ಪಗೆ ಆಚೆ ನಡೆದ.