ಕಾಡತೂಸಿನ ಗುಬ್ಬಿಗಳು

ದ್ರಾಕ್ಷಿ ಚಪ್ಪರದ ತಂತಿಗೆ ಕಟ್ಟಿದ್ದ ಗುಬ್ಬಿಗಳನ್ನು ಇಕ್ಕಳದಿಂದ ಕಿತ್ತು ಕಿತ್ತು ಗೋಣಿಚೀಲಕ್ಕೆ ಎಸೆಯುತ್ತಿದ್ದ ಉತ್ತಮ. ಖಾಲಿ ಕಾಡತೂಸಿನ ಮೈ, ಸೈಕಲ್ ಚೈನಿನ ಬಾಲ, ಔಷಧಿ ಪಂಪಿನ ಮುರುಕು ನಳಿಕೆಯ ಕೊಕ್ಕು. ಆರು ವರ್ಷ ಕೂತು ಅವನ್ನು ಮಾಡಿದ ಅವನ ಅಣ್ಣ ವಿರುಪಾಕ್ಷಪ್ಪ ಈಗ ಪಡಸಾಲೆಯಲ್ಲಿ ವಿಭೂತಿ ಬಳಿಸಿಕೊಂಡು, ಗೋಡೆಗೆ ಒರಗಿ, ಹೆಣವಾಗಿ ಕೂತಿದ್ದ.

“ಬಿಡೋ ಉತ್ತಮ,” ಎಂದಳು ಸತ್ತವನ ಹೆಂಡತಿ ಕಾಳವ್ವ. “ಮಣ್ಣಾಗೂತನಕರ ಇರ್ಲಿ.”

“ನನ್ನ ಮಗಳು ಶೀತಲನ್ನ ನೋಡಿ ಹ್ವಾದ ಬೀಗರು ಅಥಣಿಯಿಂದ ಬರಾಕತ್ತಾರ, ವೈನಿ. ಈ ಮನಿತನದಾಗ ಹುಚ್ಚ ಐತಿ ಅಂದರ ಮದಿವಿ ಆದಂಗ. ನಿಮ್ಮ ವಿಶಾಲಂದು ಕೈತಪ್ಪಿ ಗುಂಡ ಹಾರಿದ್ದು. ಯಾರ ಕೇಳಿದರೂ ಅಷ್ಟ ಅನ್ರಿ.”

ಆರು ವರ್ಷದಿಂದ ಅವಳು ಅಷ್ಟೇ ಅಂದಿದ್ದಳು. ಇವತ್ತು ಗಂಡನ ಜೊತೆ ನಿಜವೂ ಮಣ್ಣಾದರೆ ಮಗ ಪಟ್ಟ ಪಾಡನ್ನು ಕೇಳುವವರೇ ಇರುವುದಿಲ್ಲ.

*

೨೦೦೮ರ ಮಾಗಿಯಲ್ಲಿ ಇಪ್ಪತ್ತೆರಡರ ವಿಶಾಲನಿಗೆ ನಿದ್ದೆ ಹಾರಿಹೋಗಿತ್ತು. ರೊಟ್ಟಿ ಮುರಿದು ಕೈಯಲ್ಲಿ ಹಿಡಿದುಕೊಂಡೇ ಅಳುತ್ತಿದ್ದ.

“ಮಿರಜಿಗೆ ಕರ್ಕೊಂಡ ಹೋಗೂಣ್ರಿ. ಅಲ್ಲಿ ತಲಿ ಡಾಕ್ಟರ್ ಅದಾರಂತ,” ಎಂದಿದ್ದಳು ಕಾಳವ್ವ.

“ಹಣ್ಣ ಇಳೀಲಿ ತಡಿ. ಕೈಗೊಂದು ಕೆಲಸ ಕೊಟ್ಟರ ತಲಿ ತಾನ ನೆಟ್ಟಗಾಗತೈತಿ,” ಎಂದ ವಿರುಪಾಕ್ಷಪ್ಪ ಹಕ್ಕಿ ಬೆದರಿಸುವ ಬಂದೂಕನ್ನು, ಕಷಾಯ ಕುಡಿಸುವಷ್ಟೇ ಅಕ್ಕರೆಯಿಂದ, ಮಗನ ಕೈಗೆ ಕೊಟ್ಟ. ನಾಲ್ಕು ದಿನ ತೋಟದಲ್ಲಿ ಢಂ ಢಂ ಕೇಳಿತು. ಮಗ ಹಾದಿಗೆ ಬಂದನೆಂದು ಅಪ್ಪ ಹಿಗ್ಗಿದ. ಐದನೆಯ ದಿನ ಕೇಳಿದ್ದು ಒಂದೇ ಸದ್ದು.

ಕೆಟ್ಟ ಮೇಲೆ ಬುದ್ಧಿ ಬಂದರೇನು, ಅಟ್ಟ ಮೇಲೆ ಒಲೆ ಉರಿದರೇನು? ಬಂದೂಕನ್ನು ಪೊಲೀಸರು ಒಯ್ದರು. ಮಗ ಸಾಲುಗಳ ನಡುವೆ ಉದುರಿಸಿದ್ದ ಕಾಡತೂಸುಗಳನ್ನು ವಿರುಪಾಕ್ಷಪ್ಪ ಆರಿಸಿ ತಂದು ಗುಬ್ಬಿ ಮಾಡತೊಡಗಿದ. ಜೀವವಿದ್ದ ಹಕ್ಕಿಗಳು ಬಂದು ಹಣ್ಣು ತಿಂದರೆ ಹುಶ್ ಎಂದು ಕೈ ಕೂಡ ಎತ್ತುತ್ತಿರಲಿಲ್ಲ.

*

ಮಧ್ಯಾಹ್ನ ತೋಟದಲ್ಲೇ ತೋಡಿದ ಕುಣಿಯಲ್ಲಿ ವಿರುಪಾಕ್ಷಪ್ಪನನ್ನು ಕೂರಿಸಿದರು. ಅಯ್ಯನವರು ಪತ್ರಿ ಹಾಕಿದರು. ಮಣ್ಣು ಹಿಡಿದ ಕಾಳವ್ವ ಮುಷ್ಟಿ ಬಿಚ್ಚದೆ ಬೀಗರ ಕಡೆ ತಿರುಗಿದಳು.

“ನನ್ನ ಮಗಂದು ಕೈತಪ್ಪಿದ್ದಲ್ರೀ. ತಾನ ಹೊಡ್ಕೊಂಡ. ಅವಂಗ ಬ್ಯಾನಿ ಇತ್ತು. ನಾವು ಡಾಕ್ಟರಿಗೆ ತೋರಸಲಿಲ್ಲ, ಬಂದೂಕ ಕೊಟ್ಟಿವಿ. ನಿಮ್ಮ ಮನ್ಯಾಗ ಯಾರರ ಹಂಗ ಅಳಕೋತ ಕುಂತಿದ್ದರ...”

“ದುಃಖಕ್ಕ ತಲಿ ಕೆಟ್ಟೈತಿ ಪಾಪ,” ಎಂದು ಉತ್ತಮ ನಡುವೆ ಬಾಯಿ ಹಾಕಿದ. “ಮಂಗಲಾ, ವೈನೀನ ಒಳಗ ಕರ್ಕೊಂಡ ಹೋಗು.”

ಬೀಗರು ನೆಲ ನೋಡಿದರು. ಸಲಿಕೆಗಳು ಚುರುಕಾದವು.

ಉತ್ತಮನ ಹೆಂಡತಿ ಮಂಗಲ ಅವಳನ್ನು ಅಡುಗೆಮನೆಗೆ ತಂದು ಚಾಪೆಯ ಮೇಲೆ ಕೂರಿಸಿ ನೀರು ಕೊಟ್ಟಳು.

“ಯಕ್ಕಾ, ಸುಮ್ನ ಮಲ್ಕೋರಿ.”

“ನನಗೇನೂ ಆಗಿಲ್ಲ ಮಂಗಲಾ. ಖರೇನ ಹೇಳೇನಿ.”

“ಹೌದ್ರಿ ಯಕ್ಕಾ, ಹೌದ್ರಿ,” ಎಂದಳು ಮಂಗಲ, ಕೂಸನ್ನು ರಮಿಸುವ ದನಿಯಲ್ಲಿ. ಆಮೇಲೆ ಮೂಲೆಯಲ್ಲಿದ್ದ ಈಳಿಗೆಯನ್ನು ಸೆರಗಿನಲ್ಲಿ ಮರೆಮಾಡಿಕೊಂಡು ಹೊರಗೆ ಹೋಗಿ, ಬಾಗಿಲೆಳೆದು ಚಿಲಕ ಹಾಕಿದಳು.